ಕೆಂಪು ದೀಪಕ್ಕೆ ನಿಂತ ಕಾರು

ಸಂಜೆ ಐದಕ್ಕೆ ಅವನ ಅಕ್ಕ ಬಂದು ವಿಡಿಯೋ ಗೇಮಿನ ಪೆಟ್ಟಿಗೆ ಒಯ್ಯುತ್ತಾಳೆ. ಅಷ್ಟರೊಳಗೆ ಹೆಂಡತಿಗೆ ಆಟದ ರುಚಿ ಹತ್ತದಿದ್ದರೆ ಹತ್ತು ವರ್ಷದ ಒಡನಾಡಿಯಾದ ಆ ಪೆಟ್ಟಿಗೆ ಕೈಬಿಟ್ಟು ಹೋದಂತೆಯೇ. ತಪ್ಪು ಅವನದೇ. "ನಿನಗೆ ಇಷ್ಟ ಆಗ್ಲಿಲ್ಲ ಅಂದ್ರೆ ಅಕ್ಕನಿಗೆ ಕೊಟ್ಬಿಡ್ತೀನಿ" ಎಂದು ಹೊಸ ಮದುವೆಯ ಹುಮ್ಮಸ್ಸಿನಲ್ಲಿ ಅಂದುಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಅವಳು ಸಿಟಿ ಬಸ್ಸಿನ ಡ್ರೈವರು. ಇಬ್ಬರಿಗೂ ಒಟ್ಟಿಗೆ ಸಿಗುವುದು ವಾರಕ್ಕೊಂದೇ ಮಧ್ಯಾಹ್ನ. ಡ್ರೈವರಮ್ಮನಿಗೆ ಕಾರ್ ರೇಸಿಗಿಂತ ಒಳ್ಳೆಯದು ಇನ್ನೇನಿದೆ ಎಂದು ಜಂಬದಿಂದಲೇ ಅದನ್ನು ಹಾಕಿಕೊಟ್ಟ.

ಪರದೆಯಲ್ಲಿ ಶಿಳ್ಳೆ ಮೊಳಗಿತು. ಏಳು ಕಾರುಗಳು ಹಾರಿದವು. ಎಂಟನೆಯದು ಇಂಡಿಕೇಟರ್ ಹುಡುಕುತ್ತಾ ಅಲ್ಲೇ ನಿಂತಿತ್ತು. ಆಮೇಲೆ ಹೊರಟಿದ್ದೇನೋ ನಿಜ, ಮೊದಲ ಕೆಂಪು ದೀಪಕ್ಕೆ ಮತ್ತೆ ನಿಂತಿತು.

"ಹೋಗೇ, ಹೋಗೇ! ಇದು ರೇಸು!"

"ಕೆಂಪು ಕಂಡ್ರೆ ಕಾಲು ಮುಂದಕ್ಕೆ ಹೋಗಲ್ಲ ರೀ. ಅಯ್ಯೋ, ಆ ಅಜ್ಜಿ ದಾಟ್ಲಿ ತಡೀರಿ."

ಬಣ್ಣ ಬಳಿದ ಚಿತ್ರದ ಅಜ್ಜಿ! ಹೆಂಡತಿ ಕೊನೆಯವಳಾಗಿ ಬಂದಳು. "ವಾರವೆಲ್ಲ ಮಾಡೋ ಕೆಲಸ ರಜಾದಲ್ಲೂ ಮಾಡಿಸ್ತೀರಲ್ಲ" ಎಂದು ಕಂಟ್ರೋಲರ್ ಕೆಳಗಿಟ್ಟಳು. ಅವನು ತಲೆಯೆತ್ತಿ ನೋಡಿದ. ಗಡಿಯಾರದಲ್ಲಿ ನಾಲ್ಕೂಮುಕ್ಕಾಲು.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಆಟವಿತ್ತು, ಇಬ್ಬರೇ ಆಡಬೇಕಾದದ್ದು. ಎರಡು ಗೊಂಬೆಗಳು ತೂಗುವ ಸೇತುವೆ ದಾಟಬೇಕು. ಒಬ್ಬರು ಹಗ್ಗ ಹಿಡಿದರೆ ಮಾತ್ರ ಇನ್ನೊಬ್ಬರು ಹಾರಬಹುದು. ಬ್ರಹ್ಮಚಾರಿಯಾಗಿದ್ದಾಗ ಒಂದು ಕಂಟ್ರೋಲರನ್ನು ಕೈಯಲ್ಲಿ, ಇನ್ನೊಂದನ್ನು ಕಾಲ್ಬೆರಳಲ್ಲಿ ಒತ್ತಿ ಆಡಿದ್ದ. ಸೇತುವೆ ಒಮ್ಮೆಯೂ ದಾಟಿರಲಿಲ್ಲ. ನಾಚಿಕೆ ಬಿಟ್ಟು ಅದನ್ನೂ ಹೇಳಿದ.

ಅವಳು ಬಿದ್ದು ಬಿದ್ದು ನಕ್ಕಳು. "ಒಂದು ಕೈಯಲ್ಲಿ ಚಪ್ಪಾಳೆ ಆಗುತ್ತೇನ್ರೀ? ಕೊಡಿ ಇಲ್ಲಿ."

ಆತುರಗಾರನಾದ ಅವನು ಮೂರು ಸಲ ನೀರಿಗೆ ಬಿದ್ದ. ನಾಲ್ಕನೇ ಸಲಕ್ಕೆ ಡ್ರೈವರಮ್ಮ ಅಧಿಕಾರ ವಹಿಸಿಕೊಂಡಳು. ಬಸ್ಸಿನ ತುಂಬ ಜನರನ್ನು ಹತ್ತಿಸಿ ಇಳಿಸುವವಳಿಗೆ ಒಂದು ಗೊಂಬೆ ಯಾವ ಲೆಕ್ಕ?

"ನಿಲ್ರೀ... ಹಲಗೆ ಹತ್ರ ಬರ್ಲಿ... ಇನ್ನೂ ಇಲ್ಲ... ಈಗ! ಹಾರಿ!"

ಹಾರಿದ. ನಿಂತ! ಇಬ್ಬರೂ ಕುರ್ಚಿಯ ತುದಿಗೆ ಬಂದಿದ್ದರು. ಅವಳ ಮೊಣಕೈ ಅವನ ಪಕ್ಕೆಗೆ ತಿವಿಯುತ್ತಿತ್ತು, ಅವನಿಗೆ ಅದು ಹಾಯಾಗಿತ್ತು. ಇನ್ನು ಎರಡೇ ಹಲಗೆ.

ಬಾಗಿಲ ಗಂಟೆ ಬಡಿಯಿತು. ಅವನು ಗಡಿಯಾರ ನೋಡಿದ: ಸರಿಯಾಗಿ ಐದು. ಗಂಟೆ ಮತ್ತೆ ಬಡಿಯಿತು.

"ನೀನು ಹೇಳಿದ್ರೆ ಹೋಗಿ ತೆಗೀತೀನಿ" ಎಂದ, ಮೆಲ್ಲಗೆ.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂಥ ಗಂಟಲಲ್ಲಿ ಕೂಗಿದಳು:

"ಅತ್ತಿಗೇ, ಪೆಟ್ಟಿಗೆ ಬಿಟ್ಟು ಬರಿಗೈಲಿ ಹೋಗೋದಾದ್ರೆ ಐದು ನಿಮಿಷ ಕಾಯಿರಿ! ಇವ್ರು ನನ್ನ ಹಗ್ಗದಲ್ಲಿದ್ದಾರೆ, ಕೈಬಿಡಕ್ಕಾಗಲ್ಲ!"