ತಿಮ್ಮಯ್ಯನ ಹಂಪು, ಕೋಮಲಳ ರಂಗೋಲಿ

ಹದಿನಾರು ಎಂಬ ಊರಿನ ಶಾಲೆ ರಸ್ತೆಯಲ್ಲಿ ಬೈಕುಗಳ ಓಟ ನೋಡಿ ತಿಮ್ಮಯ್ಯನಿಗೆ ರೋಸಿಹೋಗಿತ್ತು. ಒಂದು ಭಾನುವಾರ ಜಲ್ಲಿ, ಸಿಮೆಂಟ್ ತಂದು ಮನೆ ಮುಂದೆಯೇ ರಸ್ತೆಗೆ ಅಡ್ಡಲಾಗಿ ಗೇಣೆತ್ತರದ ಹಂಪು ಹಾಕಿಬಿಟ್ಟ. ಯಾರನ್ನೂ ಕೇಳಲಿಲ್ಲ. ಮನಸ್ಸೇನೋ ಒಳ್ಳೆಯದೇ, ಅಳತೆ ಮಾತ್ರ ಗೊತ್ತಿರಲಿಲ್ಲ.

ಮಗಳು ಕೋಮಲ ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಸಿವಿಲ್ ಡಿಪ್ಲೊಮಾ ಓದಿ ರಸ್ತೆ ಇಂಜಿನಿಯರ್ ಆಗಬೇಕೆಂಬುದು ಅವಳ ಆಸೆ. ಅರ್ಜಿ ಹಾಕಲು ಮೂರೇ ದಿನ ಉಳಿದಿತ್ತು. ಅಪ್ಪ ಸಹಿ ಹಾಕುತ್ತಿರಲಿಲ್ಲ.

“ಬಿಸ್ಲಲ್ಲಿ ಡಾಂಬರ್ ಮುಂದೆ ನಿಲ್ಲಾದು ಎಣ್ಣೈಕ್ಳ ಕೆಲ್ಸ ಅಲ್ಲ ಕಣವ್ವ. ಗಾರ್ಮೆಂಟ್ಸ್‌ಗೆ ಸೇರ್ಕೊ, ವ್ಯಾನು ಮನೆ ಬಾಗ್ಲಿಗೇ ಬತ್ತದೆ.”

“ಅಪ್ಪ, ಮೊದ್ಲು ನಿನ್ ಹಂಪು ನೋಡು. ಬೈಕ್ನೋರು ಅದ್ನ ಹತ್ತಲ್ಲ. ಅಂಚ್ಗೆ ಇಳ್ದು, ಐಕ್ಳು ನಡೆಯೋ ಮಣ್ಣುದಾರೀಲಿ ಓಯ್ತಾರೆ.”

“ನಂಗೇ ಪಾಠ ಏಳಕ್ ಬಂದ್ಯಾ?”

ಕೋಮಲ ಮರುದಿನ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ಉಳಿದ ಪುಡಿಯಲ್ಲಿ ಹಂಪಿನ ಮೇಲಿಂದ ಅಂಚಿನ ಮಣ್ಣಿನವರೆಗೂ ಒಂದು ಗೆರೆ ಎಳೆದಳು. ಹತ್ತು ಗಂಟೆಗೆ ನೋಡಿದರೆ ಹಂಪಿನ ಮೇಲಿನ ಗೆರೆ ಮುಕ್ಕಾಲು ಪಾಲು ಹಾಗೇ ಇತ್ತು. ಮಣ್ಣಿನ ಮೇಲಿನದು ಟೈರು ಉಜ್ಜಿ ಅಳಿಸಿಹೋಗಿತ್ತು.

ಅಪ್ಪನನ್ನು ಕರೆಯುವಷ್ಟರಲ್ಲಿ ಕೂಗು ಕೇಳಿಸಿತು. ಹಂಪು ತಪ್ಪಿಸಲು ಹೋದ ಬೈಕೊಂದು ತಾಗಿ ಪಕ್ಕದ ಮನೆಯ ಅಜ್ಜಿ ಚಿಕ್ಕಬಸಮ್ಮ ಆ ಮಣ್ಣುದಾರಿಯಲ್ಲೇ ಬಿದ್ದಿದ್ದರು. ಮಂಡಿ ತರಚಿತ್ತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಬಾಯಂತೂ ಗಟ್ಟಿಯಾಗಿಯೇ ಇತ್ತು.

“ಮಾಡಿದ್ದುಣ್ಣೋ ಮಾರಾಯ ಅಂತಾರೆ. ಇಲ್ ನೋಡುದ್ರೆ ನೀ ಮಾಡ್ದೆ, ನಾ ಉಂಡೆ!”

ಓಡಿಬಂದ ತಿಮ್ಮಯ್ಯನ ಮುಖ ಸಪ್ಪಗಾಯಿತು.

ಆ ಮಧ್ಯಾಹ್ನ ರಸ್ತೆ ಅಳೆಯಲು ಇಂಜಿನಿಯರ್ ಶ್ವೇತ ಬಂದರು. ತಿ. ನರಸೀಪುರದ ಕಡೆಯವರು. ಅಳಿಸಿದ ಗೆರೆ ಕಂಡು ನಿಂತೇಬಿಟ್ಟರು.

“ಇದನ್ನ ಯಾರು ಎಳ್ದಿದ್ದು?”

“ನಮ್ಮುಡ್ಗಿ ಮೇಡಮ್ಮೋರೆ. ತಪ್ಪಾಯ್ತು.”

“ತಪ್ಪಲ್ಲ ಅಣ್ಣ. ಜನ, ಗಾಡಿ ಎಲ್ಲೆಲ್ಲಿ ಓಡಾಡ್ತವೆ ಅಂತ ನೋಡ್ಕೊಂಡು ರಸ್ತೆ ಮಾಡೋದೇ ಸಾರಿಗೆ ಇಂಜಿನಿಯರಿಂಗ್. ನಾವು ಕ್ಯಾಮೆರಾ ಇಟ್ಟು ನೋಡೋದನ್ನ ಇವಳು ರಂಗೋಲೀಲಿ ನೋಡವ್ಳೆ. ಹಂಪು ನಾಲ್ಕಿಂಚು ಎತ್ತರ, ಗಾಡಿ ಹೋಗೋ ದಿಕ್ಕಿಗೆ ಹನ್ನೆರಡು ಅಡಿ ಅಗಲ ಇರ್ಬೇಕು. ಅದೂ ಅನುಮತಿ ತಗೊಂಡೇ ಹಾಕ್ಬೇಕು.”

“ಎಣ್ಮಗೀಗೆ ಈ ಕೆಲ್ಸ ಆದದಾ?”

“ನಮ್ಮವ್ವ ಇಂಥ ರಸ್ತೆಗೇ ಬಾಂಡ್ಲೀಲಿ ಜಲ್ಲಿ ಹೊತ್ತೋಳು ಅಣ್ಣ. ಬಿಸಿಲಲ್ಲಿ ಜಲ್ಲಿ ಹೊರೋಕೆ ಹೆಣ್ಣು ಬೇಕು, ಅಳತೆ ಬರೆಯೋಕೆ ಬೇಡ್ವಾ?”

ತಿಮ್ಮಯ್ಯ ಒಳಗೆ ಹೋಗಿ ಹಾರೆ ತಂದ. ಹಂಪು ಒಡೆಯುವ ಮೊದಲು ಮಗಳತ್ತ ತಿರುಗಿದ.

“ಆ ಅರ್ಜಿ ತಕ್ಕೊಂಬಾ ಮಗ. ಕೈ ಮಣ್ಣಾಗಕ್ ಮುಂಚೆ ಸೈನ್ ಆಕ್ಬುಡ್ತೀನಿ.”

ಅಪ್ಪಂದಿರೇ, ಅವ್ವಂದಿರೇ, ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಇದೆ. ಆಮೇಲೆ ಬಿ.ಇ. ಮಾಡಿ, ಸಾರಿಗೆ ಇಂಜಿನಿಯರಿಂಗನ್ನೇ ಮುಂದೆ ಓದಬಹುದು. ವಿದ್ಯಾರ್ಥಿವೇತನದ ಬಗ್ಗೆ ಶಾಲೆಯ ಮೇಷ್ಟ್ರನ್ನು ಕೇಳಿ, ಸಂಕೋಚ ಬೇಡ. ನಮ್ಮ ಹೆಣ್ಣುಮಕ್ಕಳು ರಸ್ತೆಗೆ ಜಲ್ಲಿ ಹೊತ್ತದ್ದು ಸಾಕು. ಆ ರಸ್ತೆ ಹೇಗಿರಬೇಕೆಂದು ಇನ್ನು ಅವರೇ ಹೇಳಲಿ. ನಿಮ್ಮ ಮನೆಯಲ್ಲೂ ಒಂದು ಅರ್ಜಿ ಕಾಯುತ್ತಿದ್ದರೆ, ಇವತ್ತೇ ಸಹಿ ಹಾಕಿ.