ಮೊದಲ ರಿಂಗಿನ ಆಚೆ

ನಾನು ಒಂದು ಕಾಲರ್ ಐಡಿ ಡಬ್ಬಿ. ಅಂಗೈಯಗಲದ ಪ್ಲಾಸ್ಟಿಕ್ಕು, ಮೇಲೊಂದು ಮಸುಕು ಗಾಜು. ಕಾರ್ಖಾನೆಯಲ್ಲಿ ನನ್ನನ್ನು ಬೆಸೆದ ಹೆಣ್ಣುಮಕ್ಕಳ ಮನೆಯಲ್ಲಿ ಫೋನೇ ಇರಲಿಲ್ಲ. ಫೋನ್ ಮಾಡಿದವರ ನಂಬರನ್ನು ತೋರಿಸುವುದು ನನ್ನ ಕಸುಬು. ನಾನು ಊಹಿಸುವುದಿಲ್ಲ, ಕದ್ದು ಕೇಳುವುದಿಲ್ಲ. ಮೊದಲ ರಿಂಗು ಮುಗಿದು ಎರಡನೆಯದು ಶುರುವಾಗುವ ನಡುವೆ ಎಕ್ಸ್‌ಚೇಂಜು ತಂತಿಯಲ್ಲಿ ನಂಬರ್ ಕಳಿಸುತ್ತದೆ. ಅದನ್ನು ಗಾಜಿನ ಮೇಲೆ ಬರೆಯುತ್ತೇನೆ, ಅಷ್ಟೆ.

ನನ್ನನ್ನು ಕೊಂಡವನು ರಾಣೆಬೆನ್ನೂರಿನ ಅಡತಿ ವ್ಯಾಪಾರಿ ಕೊಟ್ರಪ್ಪ. ಅವನ ಮಗಳು ಸುಮಂಗಲಾ ಮನೆ ಬಿಟ್ಟು ಹೋಗಿ ಮೈಲಾರಿ ಎಂಬ ದರ್ಜಿಯನ್ನು ಮದುವೆಯಾಗಿದ್ದಳು. ಮೈಲಾರಿ ಇವರು ಮುಟ್ಟಿಸಿಕೊಳ್ಳದ ಕೇರಿಯವನು. ಅವನು ಹೊಲಿದ ಅಂಗಿ ಮಾತ್ರ ಕೊಟ್ರಪ್ಪನ ಮೈಮೇಲೆ ಸುಖವಾಗಿತ್ತು. ಮಗಳು ತನ್ನ ಪಾಲಿಗೆ ಸತ್ತಳೆಂದು ತಲೆಮೇಲೆ ನೀರು ಹೊಯ್ದುಕೊಂಡ. ಮಾರನೆಯ ದಿನವೇ ಅಂಗಡಿಗೆ ಬಂದು ನನ್ನನ್ನು ಕೊಂಡ. ಸತ್ತವಳ ನಂಬರು ಯಾಕಪ್ಪಾ ಬೇಕಿತ್ತು ನಿನಗೆ?

ಸುಮಂಗಲಾ ಫೋನ್ ಮಾಡಿದಳು. ಅವ್ವ ದ್ರಾಕ್ಷಾಯಣಮ್ಮ ಒಲೆ ಬಿಟ್ಟು ಬಂದು ಎತ್ತುವಷ್ಟರಲ್ಲಿ ರಿಂಗು ನಾಲ್ಕಾಗಿತ್ತು. "ಅವ್ವಾ, ಉಂಡೇನ?" ಅಂದಳು ಮಗಳು. ಆಮೇಲೆ ಇಬ್ಬರೂ ಅತ್ತರು. ಸಂಜೆ ಕೊಟ್ರಪ್ಪ ನನ್ನ ಗಾಜು ನೋಡಿ ಆ ನಂಬರಿಗೆ ಫೋನ್ ಹಚ್ಚಿದ. "ಹರಿಹರ ಬಸ್‌ಸ್ಟ್ಯಾಂಡಿನ ಬೂತ್ ರೀ," ಅಂತು ಆಚೆಯ ದನಿ. ಕೊಟ್ರಪ್ಪನ ಮಂದಿಯನ್ನು ತುಂಬಿಕೊಂಡು ಜೀಪು ಹೋಯಿತು. ಬೂತಿನ ಪಕ್ಕದಲ್ಲೇ ಹೊಲಿಗೆ ಮಷೀನು ಇಟ್ಟಿದ್ದ ಮೈಲಾರಿಯ ಬಲಗೈ ಬೆರಳುಗಳನ್ನು ಕಲ್ಲಿನಲ್ಲಿ ಜಜ್ಜಿದರು. ಬಸ್‌ಸ್ಟ್ಯಾಂಡಿನ ಜನ ಸೇರಿದ್ದರಿಂದ ಗಂಡಹೆಂಡಿರ ಜೀವ ಉಳಿಯಿತು. ಇಬ್ಬರೂ ಬೇರೆ ಊರಿಗೆ ಓಡಿದರು.

'ಡಬ್ಬಿ ಹಿಡಿದುಕೊಟ್ಟಿತು' ಎಂದಿತು ಊರು. ಕಲ್ಲೆತ್ತಿದ ಕೈಗಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹೆಸರು ಹೇಳಬೇಕಾದ್ದು ನಂಬರಷ್ಟೇ ಬಲ್ಲ ನಾನೋ, ಬಾಯಿ ಇರುವ ನೀವೋ?

ಎಷ್ಟೋ ದಿನದ ಮೇಲೆ ದ್ರಾಕ್ಷಾಯಣಮ್ಮ ನನ್ನ ಧೂಳು ಒರೆಸುತ್ತಿದ್ದಾಗ ಫೋನ್ ಬಡಿದುಕೊಂಡಿತು. ಬೆಚ್ಚಿ ಮೊದಲ ರಿಂಗಿಗೇ ಎತ್ತಿದಳು. ಮಗಳೇ. ನನ್ನ ಗಾಜು ಖಾಲಿ. ಆಕೆ ಗಾಜನ್ನೇ ನೋಡಿದಳು. ದನಿ ತಗ್ಗಿಸಿದಳು.

"ಸುಮೀ, ಇನ್ನ ಮಾತು ಬ್ಯಾಡವ್ವಾ. ಸಂತಿ ದಿನ ಒಂದ ರಿಂಗ್ ಕೊಟ್ಟು ಇಟ್ಟಬಿಡು. ಇಬ್ರೂ ಜೀವಂತ ಅದೀರಿ ಅಂತ ತಿಳಕೋತೀನಿ."

ಅಂದಿನಿಂದ ಸಂತೆ ಬಂದಾಗಲೆಲ್ಲ ಒಂದೇ ರಿಂಗು. ಕೊಟ್ರಪ್ಪ ಧಾವಿಸಿ ಬಗ್ಗುತ್ತಿದ್ದ, ಗಾಜು ಖಾಲಿ. "ಕುರುಡ ಡಬ್ಬಿ," ಎಂದು ನನ್ನ ನೆತ್ತಿಗೆ ಬಡಿದು, ಲೈನ್‌ಮನ್‌ನನ್ನು ಕರೆಸಿದ.

"ಡಬ್ಬಿ ಛಲೋ ಐತ್ರಿ ಯಜಮಾನ್ರ. ಎರಡನೇ ರಿಂಗಿಗೆ ಮದಲ ಇಟ್ಟಬಿಟ್ರ ನಂಬರ್ ಬರಂಗಿಲ್ಲ."

"ಯಾವನಂವ, ಪ್ರತಿ ಸಂತಿಗೂ ನನ್ನ ಕೂಡ ಆಟ ಆಡಾಂವ?"

ಅಡುಗೆಮನೆಯಿಂದ ದ್ರಾಕ್ಷಾಯಣಮ್ಮ ಅಂದಳು: "ರಾಂಗ್ ನಂಬರ್ ಇರಬೇಕ್ರಿ. ರೊಟ್ಟಿ ಆರತಾವು, ಬರ್ರಿ."

ಆ ದಿನಗಳಲ್ಲಿ ಅವನ ತಾಟಿಗೆ ಒಂದು ರೊಟ್ಟಿ ಹೆಚ್ಚೇ ಬೀಳುತ್ತಿತ್ತು. ಉಣ್ಣುತ್ತಿದ್ದ, ಏನೂ ತಿಳಿಯದೆ.

ಒಂದು ಸಂತೆಯ ದಿನ ನನ್ನನ್ನು ಕಿತ್ತು ಅಂಗಳಕ್ಕೆ ಎಸೆದ. ಒಳಗೆ ಫೋನ್ ಒಮ್ಮೆ ಬಡಿದು ಸುಮ್ಮನಾದದ್ದು ಮಣ್ಣಲ್ಲಿ ಬಿದ್ದಲ್ಲಿಗೂ ಕೇಳಿಸಿತು.

ಈಗ ಗುಜರಿ ಅಂಗಡಿಯಲ್ಲಿದ್ದೇನೆ, ಕೆಟ್ಟ ಮಿಕ್ಸರುಗಳ ಕೆಳಗೆ. ಗುಜರಿಯವನ ಕಿಸೆಯ ಫೋನು ರಿಂಗಾಗುವ ಮುನ್ನವೇ ನಂಬರು, ಹೆಸರು, ಮುಖ ಎಲ್ಲ ತೋರಿಸುತ್ತದೆ. ಜನ ಅದನ್ನು ಮೆಚ್ಚುತ್ತಾರೆ. ನನಗೆ ಮೈ ಉರಿಯುತ್ತದೆ. ಕೊಟ್ರಪ್ಪಂದಿರು ಇನ್ನೂ ಸತ್ತಿಲ್ಲ, ಕಲ್ಲುಗಳೂ ಸವೆದಿಲ್ಲ. ಎಲ್ಲವನ್ನೂ ಗೊತ್ತುಮಾಡಿಕೊಳ್ಳುವ ಜಾಣರೇ, ಒಂದು ರಿಂಗಿನಷ್ಟು ಜಾಗ ಬಿಡಿ. ಅಷ್ಟರಲ್ಲೇ ಇಬ್ಬರು ಬದುಕಿದ್ದರು.