ಹಿಡಿ ಜೋಳದ ಕುಡಿಕೆ

ಚಕ್ಕಡಿಯಿಂದ ಗಂಟೆ ಇಳಿಸುವಾಗ ನಾಲ್ವರು ಹೆಗಲು ಕೊಟ್ಟರೂ ಅದು ಒಂದು ಸಲ ಢಣ್ಣೆಂದು ಬಡಿದುಕೊಂಡೇ ಬಿಟ್ಟಿತು. ಹಟ್ಟಿಯಲ್ಲಿದ್ದ ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದವು. ಬೀರಲಿಂಗಪ್ಪ ಬೇಲಿಗೆ ಆತುಕೊಂಡು, ಬಾಯಲ್ಲಿದ್ದ ಎಲೆಅಡಿಕೆ ಜಗಿಯುವುದನ್ನೂ ಮರೆತು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಗಂಟೆಯ ಹಿಂದೆ ಎರಡು ಚಕ್ಕಡಿ ತುಂಬ ಬೆಂಚು, ಒಂದು ದೊಡ್ಡ ಕಪಾಟು, ಕಟ್ಟಿಗೆಯ ಶಿಲುಬೆ, ಬಟ್ಟೆಯಲ್ಲಿ ಸುತ್ತಿದ ಹಾರ್ಮೋನಿಯಂ. ಅವುಗಳ ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು.

"ಇಷ್ಟೆಲ್ಲಾ ಹೊತಗೊಂಡು ಬಂದಾರಂದ್ರ ಹೊಳ್ಳಿ ಹೋಗೂ ಮಂದಿ ಅಲ್ಲ ಇವ್ರು," ಅಂದ ಹೆಂಡತಿಗೆ.

ಲಕ್ಷ್ಮವ್ವ ಅಂಗಳ ಗುಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಬರ್ಲಿ ಬಿಡ್ರಿ. ನಿಮಗೇನಾತು," ಅಂದಳು.

ಅವನಿಗೆ ಆಗಿದ್ದು ಇಷ್ಟೇ: ಎಷ್ಟು ಯೋಚಿಸಿದರೂ ಲೆಕ್ಕ ಹತ್ತುತ್ತಿರಲಿಲ್ಲ. ಹಿಂದಿನ ವರ್ಷ ಬೆಣ್ಣಿಹಳ್ಳ ಉಕ್ಕಿ ಇವರ ಊರನ್ನು ಬಳಿದುಕೊಂಡು ಹೋದ ಮೇಲೆ ಸರಕಾರ ತಿರ್ಲಾಪುರದ ರಸ್ತೆಗೆ ಹತ್ತಿಕೊಂಡು ಜನತಾ ಮನೆ ಕಟ್ಟಿಸಿ ಕೊಟ್ಟಿತ್ತು. ಜನ ಅದನ್ನು ಹೊಸ ಪ್ಲಾಟು ಅನ್ನುತ್ತಿದ್ದರು. ಮನೆ ಹೋದವರು ಇಲ್ಲಿಗೆ ಬಂದರು, ಅದು ಸರಿ. ಆದರೆ ಈ ಕ್ರೈಸ್ತರ ಮನೆಗಳಿದ್ದದ್ದು ಹಳೆಯ ಊರಿನ ಎದುರಿನ ದಿಬ್ಬದ ಮೇಲೆ. ಅಲ್ಲಿಗೆ ನೀರು ಬಂದಿರಲಿಲ್ಲ. ಅವರ ಚರ್ಚೋ, ಆನೆ ಬಂದು ಗುದ್ದಿದರೂ ಅಲುಗದ ಕಲ್ಲಿನ ಕಟ್ಟಡ. ಅಂಥದ್ದನ್ನು ಬಿಟ್ಟು, ಗುತ್ತಿಗೆದಾರ ಸಿಮೆಂಟು ಇಡಲು ಹಾಕಿಸಿದ್ದ ತಗಡಿನ ಶೆಡ್ಡಿಗೆ ಗಂಟೆ ಬೆಂಚು ಸಮೇತ ಬರುವವರ ಮನಸ್ಸಿನಲ್ಲಿ ಏನೋ ಇರಲೇಬೇಕು. ಆ ಶೆಡ್ಡು ಬೀರಲಿಂಗಪ್ಪನ ಕುರಿಹಟ್ಟಿಯ ಬೇಲಿಗೆ ತಾಗಿಯೇ ಇತ್ತು.

ಅಂದು ಸಂಜೆ ಕಟ್ಟೆಯ ಮೇಲೆ ಬೇರೆ ಮಾತೇ ಇರಲಿಲ್ಲ. ಪ್ಲಾಟಿಗೆ ಹಿರಿಯನೆನಿಸಿಕೊಂಡ ಗುಡದಪ್ಪ ತನ್ನ ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮಧ್ಯದಲ್ಲಿ ಕೂತಿದ್ದ. ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಗಂಡು ಅದು. ಹಳ್ಳ ಬಂದ ದಿನ, ಸುರಿಯುವ ಮಳೆಯಲ್ಲಿ, ದಿಬ್ಬದ ಹುಣಸೆಗಿಡದ ಬುಡದಲ್ಲಿ ಹುಟ್ಟಿದವನು ಎಂದು ಗುಡದಪ್ಪ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

"ಬೀರಲಿಂಗಪ್ಪ, ನಿನ್ನ ಹಟ್ಟಿಗೆ ಹತ್ತೇ ಐತಿ ಅದು. ಕಣ್ಣಿಡು," ಅಂದ ಗುಡದಪ್ಪ. "ಮದಲ ಹಾಲಿನ ಪುಡಿ ಅಂತಾರ, ಗುಳಿಗಿ ಅಂತಾರ. ಆಮ್ಯಾಲೆ ಹೆಣ್ಣಮಕ್ಕಳನ್ನ ಒಳಗ ಹಾಕ್ಕೊಂತಾರ. ಒಂದರ ಖರೇ ಸಿಗ್ಲಿ, ಬರೂ ಅಮಾಸಿಗೆ ಎಲ್ಲಾರೂ ಕೂಡಿ, ಗಂಟಿ ಸಮೇತ ಹೊಳ್ಳಿ ದಿಬ್ಬ ಹತ್ತಸೂಣು."

ಬೀರಲಿಂಗಪ್ಪನಿಗೆ ಎದೆ ಉಬ್ಬಿತು. ಜೀವನವಿಡೀ ಕುರಿ ಎಣಿಸಿದವನಿಗೆ ಮೊದಲ ಸಲ ಮನುಷ್ಯರ ಮೇಲೆ ಕಣ್ಣಿಡುವ ಕೆಲಸ ಸಿಕ್ಕಿತ್ತು.

ಅವನು ಮನಸ್ಸಿಟ್ಟೇ ಮಾಡಿದ. ಆಯಿತವಾರ ಅವರು ಹಾಡುವಾಗ ತಗಡಿನ ತೂತಿಗೆ ಕಣ್ಣು ಹಚ್ಚಿದ. ಸತ್ಯಮಿತ್ರ ಅಯ್ಯನವರೆಂಬ ಬಡಕಲು ಪಾದ್ರಿ ಸೈಕಲ್ ಹತ್ತಿ ಎಲ್ಲಿಗೆ ಹೋಗುತ್ತಾರೆಂದು ಕುರಿ ಮೇಯಿಸುವ ನೆವದಲ್ಲಿ ಹಿಂದೆ ಹೋದ. ಹೆಚ್ಚು ಅನುಮಾನ ಬಂದದ್ದು ಸುವಾರ್ತವ್ವನ ಮೇಲೆ. ಆಕೆ ನರ್ಸಬಾಯಿ. ಬಗಲಿಗೆ ಒಂದು ಚೀಲ ಹಾಕಿಕೊಂಡು ಯಾರ ಮನೆಗೆ ಬೇಕಾದರೂ ಹೋಗುವಳು, ಹೋದಲ್ಲಿ ಹೆಂಗಸರು ಆಕೆಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿಕೊಳ್ಳುವರು. ಶನಿವಾರ ಶನಿವಾರ ಇವನ ಮನೆಗೂ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದಳು. ಕುರಿ ಸಾಕುವ ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ, ಅದೂ ಆಗ ಬತ್ತಿತ್ತು. ಇಲ್ಲದ ಮಜ್ಜಿಗೆಗೆ ವಾರ ತಪ್ಪದೆ ಯಾಕೆ ಬರಬೇಕು? ಆದರೆ ಕಟ್ಟೆಯ ಮೇಲೆ ಹೇಳುವಂಥದ್ದು ಒಂದೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಅವನ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

ಸಿಕ್ಕಿದ್ದು ಅವನ ಮನೆಯಲ್ಲೇ. ಉಣ್ಣೆ ಕತ್ತರಿಸುವ ಕತ್ತರಿ ಹುಡುಕುತ್ತ ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿದಾಗ ಬೆರಳಿಗೆ ತಣ್ಣನೆಯ ಕಾಳು ತಾಗಿದವು. ಒಂದು ಮಣ್ಣಿನ ಕುಡಿಕೆ, ಅದರಲ್ಲಿ ಅರ್ಧದಷ್ಟು ಬಿಳಿಜೋಳ. ಅವನಿಗೆ ಅದು ಏನೆಂದು ಕೇಳಬೇಕಾಗಿರಲಿಲ್ಲ. ಅವನ ಅವ್ವ ಇರುವಾಗ ದಿನಾ ಒಲೆ ಹಚ್ಚುವ ಮೊದಲು ಚೀಲದಿಂದ ಒಂದು ಹಿಡಿ ಜೋಳ ತೆಗೆದು ಬೀರದೇವರ ಹೆಸರಿನಲ್ಲಿ ಇಡುತ್ತಿದ್ದಳು. ಆದರೆ ಆ ಕುಡಿಕೆ ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ಹಿಟ್ಟಿನ ಡಬ್ಬಿಯ ಹಿಂದೆ ಅಡಗಿ ಕೂತ ದೇವರನ್ನು ಅವನು ಕಂಡಿರಲಿಲ್ಲ.

ಕೇಳಲಿಲ್ಲ. ಶನಿವಾರದವರೆಗೆ ನಾಲಿಗೆ ಕಚ್ಚಿ ಹಿಡಿದ. ಶನಿವಾರ ಸುವಾರ್ತವ್ವ ಬಂದಳು, "ಮಜ್ಜಿಗಿ ಐತೇನವಾ?" ಅಂದಳು, ಒಳಗೆ ಹೋದಳು, ಸೆರಗಿನಡಿ ಏನೋ ಮುಚ್ಚಿಕೊಂಡು ಹೊರಗೆ ಬಂದಳು. ಅವಳು ತಿರುವು ದಾಟಿದ ಮೇಲೆ ಹೋಗಿ ನೋಡಿದರೆ ಕುಡಿಕೆ ಖಾಲಿ.

ಪ್ಲಾಟಿನ ಹೆಂಗಸರನ್ನೆಲ್ಲ ಕಾಯುವ ಹುರುಪಿನಲ್ಲಿ ತನ್ನ ಹೆಂಡತಿಯೇ ಕೈಬಿಟ್ಟು ಹೋಗಿದ್ದಳು. ಇದು ಕಟ್ಟೆಗೆ ಗೊತ್ತಾದರೆ ಅವನು ತಲೆ ಎತ್ತಿ ತಿರುಗುವಂತಿರಲಿಲ್ಲ. ಗೊತ್ತಾಗದಂತೆ ಇಡೋಣವೆಂದರೆ, ಎಷ್ಟು ದಿನ?

ಮರುದಿನ ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೆ ಶೆಡ್ಡಿನೊಳಗೆ ಹೋದ. ಮೇಜಿನ ಮುಂದೆ ಬಾಯಿ ಬಿಚ್ಚಿದ ಒಂದು ಗೋಣಿಚೀಲ. ಬಿಳಿಜೋಳ, ಕೆಂಪು ಜೋಳ, ನಡುವೆ ಅಲ್ಲಲ್ಲಿ ಅಕ್ಕಿಯ ನುಚ್ಚು, ಹತ್ತಾರು ಮನೆಯ ಕಾಳು ಒಂದರೊಳಗೊಂದು ಬೆರೆತಿತ್ತು. ಪಾದ್ರಿಯ ಹಿಂದೆ ಬಂದು ಗುಡಿಸಲು ಹಾಕಿಕೊಂಡವರು ಐದಾರು ಮನೆಯವರು ಅಷ್ಟೆ. ಅಷ್ಟು ಮನೆಯಿಂದ ಇಷ್ಟು ಜೋಳ ಹುಟ್ಟುವಂತಿರಲಿಲ್ಲ.

"ಅಯ್ಯನವರ, ಇದು ಯಾರ ಜ್ವಾಳ?"

"ಕೊಟ್ಟವರದು ಬೀರಲಿಂಗಪ್ಪ. ಬಾಣಂತಿ ಇದ್ದ ಮನಿಗೆ, ಜಡ್ಡಾಗಿ ಮಲಗಿದವರ ಮನಿಗೆ ಹೋಗತೈತಿ."

"ಖರೇ ಹೇಳ್ರಿ. ಕಲ್ಲಿನ ಗುಡಿ ಬಿಟ್ಟು ಈ ತಗಡಿನ್ಯಾಗ ಯಾಕ ಬಂದ್ರಿ?"

"ಕರದ್ರು, ಬಂದೇವಿ."

"ಯಾರು ಕರದ್ರು?"

ಪಾದ್ರಿ ಹಾರ್ಮೋನಿಯಂ ಮೇಲೆ ಬಟ್ಟೆ ಎಳೆದರು. ಎಳೆದದ್ದನ್ನೇ ಮತ್ತೆ ಸರಿಪಡಿಸಿದರು. "ಅದನ್ನ ನಾ ಹೇಳಾಕ ಬರೂದಿಲ್ಲಪಾ. ಮಾತು ಕೊಟ್ಟೀನಿ."

ಇದಕ್ಕಿಂತ ಹೆಚ್ಚು ಏನು ಬೇಕು? ಪ್ಲಾಟಿನವರೇ ಯಾರೋ ಒಳಗಿಂದೊಳಗೆ ಕರೆಸಿದ್ದಾರೆ, ಹೆಸರು ಹೇಳದಂತೆ ಬಾಯಿ ಕಟ್ಟಿದ್ದಾರೆ. ಅಮಾವಾಸ್ಯೆಗೆ ಹೇಳಲು ಅವನಿಗೆ ಮಾತು ಸಿಕ್ಕಿತ್ತು. ಹೆಂಡತಿಯ ವಿಷಯವನ್ನೂ ತಾನೇ ಮುಂದಾಗಿ ಹೇಳಿಬಿಡುವುದು, ಕುಡಿಕೆಯನ್ನು ಎಲ್ಲರೆದುರು ಒಡೆಯುವುದು, ಹಾಗಾದರೂ ಮಾನ ಉಳಿಯುತ್ತದೆ ಎಂದು ತೀರ್ಮಾನಿಸಿದ.

ಅಮಾವಾಸ್ಯೆಯ ಸಂಜೆ ಲಕ್ಷ್ಮವ್ವ ರೊಟ್ಟಿ ಬಡಿಯುತ್ತಿದ್ದಾಗ ಒಳಗೆ ಬಂದವನೇ ಡಬ್ಬಿ ಸರಿಸಿ ಕುಡಿಕೆ ಎತ್ತಿಕೊಂಡ.

"ಇದನ್ನ ಕಟ್ಟಿ ಮ್ಯಾಲೆ ಒಯ್ದು ಒಡೀತೀನಿ. ಏನಂತೀ?"

ಲಕ್ಷ್ಮವ್ವನ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತ ಅಗಲವಾಯಿತು.

"ಒಯ್ರಿ. ಒಂದ ಯಾಕ ಒಯ್ತೀರಿ, ಗುಡದಪ್ಪಣ್ಣನ ಮನ್ಯಾಂದೂ ಒಯ್ರಿ. ಹೊಳಬಸಪ್ಪನ ಮನ್ಯಾಂದೂ ತಗೊಳ್ರಿ. ತಾಯವ್ವನ ಮನ್ಯಾಗ ಕುಡಕಿ ಅಲ್ಲ, ದೊಡ್ಡ ಗಡಿಗೀನ ಐತಿ. ಹೊರಾಕ ಇಬ್ಬರು ಬೇಕು."

"ಏನಂದಿ?"

"ಹಳ್ಳ ಬಂದಾಗ ನಾವೆಲ್ಲಾ ಏನು ತಿಂದಿದ್ದೇವು?"

ಇದೊಂದು ಪ್ರಶ್ನೆಯೇ? ಪ್ಲಾಟಿನಲ್ಲಿ ಆ ಕಥೆ ಗೊತ್ತಿಲ್ಲದವರು ಇರಲಿಲ್ಲ. ಅಂದು ಸಂತೆಯ ದಿನ. ಗಂಡಸರೆಲ್ಲ ಹಳ್ಳ ದಾಟಿ ನವಲಗುಂದಕ್ಕೆ ಹೋಗಿದ್ದರು, ಬೀರಲಿಂಗಪ್ಪ ಕುರಿ ಹೊಡೆದುಕೊಂಡು ದೂರದ ಮಸಾರಿಯ ಕೆಂಪು ನೆಲಕ್ಕೆ ಹೋಗಿದ್ದ. ನೀರು ಇಳಿದು ಇವರು ಈಚೆ ಬರುವ ತನಕ ಮೂರು ದಿನ ಹೆಂಗಸರು ಮಕ್ಕಳು ದಿಬ್ಬದ ಹುಣಸೆಗಿಡದ ಕೆಳಗೆ ಕೂತು ಹೊಲದ ಹಸಿ ಶೇಂಗಾ ತಿಂದು ಜೀವ ಹಿಡಿದಿದ್ದರು. ನಮ್ಮ ಹೆಂಗಸರೆಂದರೆ ಹೆಂಗಸರು ಎಂದು ಗಂಡಸರು ಇವತ್ತಿಗೂ ಹೇಳಿಕೊಳ್ಳುತ್ತಿದ್ದರು.

"ಹಸಿ ಶೇಂಗಾ," ಅಂದ.

"ಹೂಂ. ಮೂರು ದಿನದ ಮಳಿಯಾಗ, ಎಳೀ ಕೂಸು ಕಟಗೊಂಡು, ಹಸಿ ಶೇಂಗಾ ತಿಂದು ಗಿಡದ ಬುಡಕ ಕುಂತಿದ್ದೇವು. ನಾವು ಹೇಳಿದ್ವಿ, ನೀವು ನಂಬಿದ್ರಿ. ಹಲ್ಲಿಲ್ಲದ ಮುದುಕೇರು ಹೆಂಗ ತಿಂದ್ರು ಅಂತ ಒಬ್ಬರರ ಕೇಳಿದ್ರೇನು? ಕುರೀಗೆ ಕೆಮ್ಮು ಬಂದ್ರ ಊರೆಲ್ಲಾ ಕೇಳ್ತೀರಿ."

ರೊಟ್ಟಿ ಹಂಚಿಗೆ ಬಿತ್ತು. ಲಕ್ಷ್ಮವ್ವ ಅದರ ಮೇಲೆ ನೀರು ಸವರಿದಳು. ಆಮೇಲಿನದನ್ನು ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು.

"ಚರ್ಚಿನ ಬಾಗಲಾ ತಗದ್ರು. ಬೆಂಚಿಗೆ ಬೆಂಚು ಕೂಡಿಸಿ ಹುಡುಗರನ್ನ ಮಲಗಿಸಿದ್ರು. ಅವರ ಹೆಂಗಸರು ವರ್ಷದಿಂದ ಹಿಡಿ ಹಿಡಿ ಕೂಡಿಸಿಟ್ಟ ಜ್ವಾಳ ಇತ್ತು, ಅದನ್ನ ಬೀಸಿ ಬೀಸಿ ಹಾಕಿದ್ರು. ಚೀಲ ಝಾಡಿಸಿ ಹಾಕಿದ್ರು ನಮಗ. ಗುಡದಪ್ಪಣ್ಣನ ಹೇಣ್ತಿ ಬಸವಣ್ಣೆವ್ವಗ ಬ್ಯಾನಿ ಬಂದಾಗ ಕಪಾಟು ಅಡ್ಡ ಇಟ್ಟು, ಸುವಾರ್ತವ್ವ ಹೆರಿಗಿ ಮಾಡಿದ್ಲು. ಕಾಲು ಮುಂದಾಗಿತ್ತು ಕೂಸು. ಆಕಿ ಇರದಿದ್ರ ತಾಯಿನೂ ಇಲ್ಲ, ಮಗನೂ ಇಲ್ಲ."

"ನನಗ ಯಾಕ ಹೇಳಲಿಲ್ಲ?"

"ಯಾರೂ ಯಾರಿಗೂ ಹೇಳಬಾರದು ಅಂತ ಆಣಿ ಮಾಡಿದ್ದೇವು. ಅವರ ಕೈಯಾಗಿಂದು ಉಂಡೇವಿ ಅಂದಿದ್ರ ನೀವು ಮನಿ ಒಳಗ ಕರಕೊಳ್ತಿದ್ರೇನು? ಹೇಳ್ರಿ."

ದಿಬ್ಬದವರು ಮುತ್ತಜ್ಜನ ಕಾಲಕ್ಕೆ ಊರ ಹೊರಗಿನ ಕೇರಿ ಬಿಟ್ಟು ಪಾದ್ರಿಯ ಹಿಂದೆ ಹೋದ ಮನೆತನಗಳು. ಅವರ ಬಾವಿಯ ನೀರನ್ನು ಬೀರಲಿಂಗಪ್ಪ ಕುರಿಗೂ ಕುಡಿಸಿರಲಿಲ್ಲ. ಕರೆದುಕೊಳ್ಳುತ್ತಿದ್ದೆ ಎಂದು ಹೇಳಬೇಕೆನಿಸಿತು. ಅದು ಸುಳ್ಳೆಂದು ಅವನಿಗೇ ಗೊತ್ತಿತ್ತು. ಅವನಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು.

"ಇಲ್ಲಿಗೆ ಬರೂ ಮುಂದ ನಾವ ಅಂದೇವು, ನೀವೂ ಅಲ್ಲಿಗೇ ಬರ್ರಿ ಅಂತ," ಅಂದಳು ಲಕ್ಷ್ಮವ್ವ. "ಇಷ್ಟು ದೊಡ್ಡ ಪ್ಲಾಟಿನ್ಯಾಗ ಹೆರಿಗಿ ಮಾಡೂ ಕೈ ಒಂದಿಲ್ಲ. ಆ ಕಲ್ಲಿನ ಗುಡಿ ಬಿಟ್ಟು ಬರಾಕ ಅವರಿಗೇನು ಹುಚ್ಚು ಹಿಡದಿತ್ತೇನು? ಕರದಾವ್ರು ನಾವ. ಇನ್ನ ಒಯ್ರಿ, ಒಡೀರಿ."

ಅವನು ಕುಡಿಕೆಯನ್ನು ಇದ್ದ ಜಾಗದಲ್ಲೇ ಇಟ್ಟ. ಡಬ್ಬಿಯನ್ನು ಮೊದಲಿನಂತೆ ಅದಕ್ಕೆ ಅಡ್ಡ ಸರಿಸಿ ಹೊರಗೆ ನಡೆದ.

ಕಟ್ಟೆ ತುಂಬಿತ್ತು. ಗುಡದಪ್ಪನ ತೊಡೆಯ ಮೇಲೆ ಮಗ ಕೂತು ಅಪ್ಪನ ಮೀಸೆ ಎಳೆಯುತ್ತಿದ್ದ. ಕಪಾಟಿನ ಹಿಂದೆ ಹುಟ್ಟಿದ ಮಗ. ಬೀರಲಿಂಗಪ್ಪನಿಗೆ ಆ ಕೂಸಿನ ಮೇಲಿಂದ ಕಣ್ಣು ತೆಗೆಯುವುದಾಗಲಿಲ್ಲ.

"ಏನು ಸಿಕ್ತು, ಹೇಳಪಾ," ಅಂದ ಗುಡದಪ್ಪ.

ಒಂದು ಮಾತು ಆಡಿದರೆ ಸಾಕಿತ್ತು, ಬೆಳಗಾಗುವುದರೊಳಗೆ ಗಂಟೆ ಚಕ್ಕಡಿ ಹತ್ತುತ್ತಿತ್ತು. ಅದರ ಹಿಂದೆಯೇ ಮನೆಮನೆಯ ಕುಡಿಕೆ ಹೊರಬೀಳುತ್ತಿದ್ದವು, ಒಬ್ಬೊಬ್ಬ ಹೆಂಗಸೂ ತನ್ನ ಹೊಸಲಿನ ಹೊರಗೆ ನಿಲ್ಲಬೇಕಾಗುತ್ತಿತ್ತು. ಮೊದಲಿಗೆ ಲಕ್ಷ್ಮವ್ವ.

"ಏನೂ ಇಲ್ಲ," ಅಂದ ಬೀರಲಿಂಗಪ್ಪ. "ಹಾಡು ಹಾಡ್ತಾರ, ಕಣ್ಣು ಮುಚ್ಚತಾರ, ಮನೀಗೆ ಹೋಗ್ತಾರ. ಅಷ್ಟ."

"ಮತ್ತ ನಮ್ಮ ಹೆಣ್ಣಮಕ್ಕಳು?"

"ಯಾರೂ ಆ ಕಡೆ ಹಾಯೂದಿಲ್ಲ. ನಾ ನೋಡೀನಲ್ಲ."

ಗುಡದಪ್ಪ ಬೈಯುತ್ತಾನೆ, ಕಣ್ಣು ಕುರುಡೇನು ಅನ್ನುತ್ತಾನೆ ಎಂದುಕೊಂಡಿದ್ದ. ಗುಡದಪ್ಪ ಉಸಿರು ಬಿಟ್ಟ. ಮಗನ ತಲೆ ಸವರಿದ. "ಇಲ್ಲಂದ ಮ್ಯಾಲೆ ಇಲ್ಲ. ಸುಮ್ಮಸುಮ್ಮನ ಯಾಕ ಮತ್ತೊಬ್ಬರ ಪಾಪ ಕಟಗೋಬೇಕು," ಅಂದ. "ಇದ್ರ ಇರ್ಲಿ ಬಿಡ್ರಿ ಅತ್ತಾಗ," ಎಂದು ಹೊಳಬಸಪ್ಪ ಮಾತು ಮುಗಿಯುವ ಮೊದಲೇ ಸೇರಿಸಿದ. ಮೂಲೆಯಲ್ಲಿದ್ದವನೊಬ್ಬ ಹತ್ತಿಯ ಧಾರಣೆ ಕೇಳಿದ. ಎಲ್ಲರೂ ಒಮ್ಮೆಲೇ ಹತ್ತಿಯ ಮಾತಿಗೆ ಬಿದ್ದರು.

ಬೀರಲಿಂಗಪ್ಪ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಇವರೆಲ್ಲರೂ ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿದವರೇ? ಗುಡದಪ್ಪನಿಗೆ ಯಾವತ್ತಿನಿಂದ ಗೊತ್ತು? ಕಾಯಲು ಹಚ್ಚಿದ ಮೇಲೆ ಕಂಡನೋ, ಇಲ್ಲ ಮೊದಲೇ ಕಂಡು, ಇನ್ನೊಬ್ಬರಿಗೂ ಕಂಡಿದೆಯೋ ಎಂದು ಹೆದರಿ ತನ್ನನ್ನು ಕಾಯಲು ಹಚ್ಚಿದನೋ? ಕೇಳುವಂತಿರಲಿಲ್ಲ. ಕೇಳಿದರೆ ತನಗೆ ಗೊತ್ತೆಂದು ಅವರಿಗೆ ಗೊತ್ತಾಗುತ್ತಿತ್ತು. ಹತ್ತಿಯ ಧಾರಣೆ ಈ ಸಲ ಬಿದ್ದೇ ಹೋಗಿದೆ ಎಂದು ತಾನೂ ಒಂದು ಮಾತು ಸೇರಿಸಿ ಎದ್ದು ಬಂದ.

ಮರುದಿನ ಮುಂಜಾನೆ ಲಕ್ಷ್ಮವ್ವ ಕೊಡ ತೆಗೆದುಕೊಂಡು ಬೋರಿಂಗಿಗೆ ಹೋಗಿದ್ದಳು. ತಿರುಗಿ ಬಂದು ಒಲೆಗೆ ಕಟ್ಟಿಗೆ ಒಟ್ಟಿದಳು, ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಜೋಳ ತೆಗೆದಳು, ಡಬ್ಬಿ ಸರಿಸಿದಳು. ಕುಡಿಕೆಯ ಬಾಯಿಯ ಹತ್ತಿರ ಅವಳ ಕೈ ನಿಂತಿತು. ತನ್ನ ಹಿಡಿ ಎಷ್ಟು, ಅಮಾವಾಸ್ಯೆಯ ತನಕ ಕುಡಿಕೆ ಎಲ್ಲಿಗೆ ಬಂದಿರಬೇಕು ಎಂಬುದು ಅವಳಿಗೆ ಗೊತ್ತಿತ್ತು. ಒಳಗೆ ಬಗ್ಗಿ ನೋಡಿದಳು. ಕಾಳು ಅದಕ್ಕಿಂತ ಒಂದು ಹಿಡಿ ಮೇಲಿತ್ತು. ಆಮೇಲೆ ಕಣ್ಣು ಕಿರಿದು ಮಾಡಿ, ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು.

"ಕುಡಕಿಗೆ ಕೈ ಹಾಕಿದ್ರೇನು?"

"ನಾ ಯಾಕ ಹಾಕ್ಲಿ. ನನಗ ಬ್ಯಾರೆ ಕೆಲಸಿಲ್ಲೇನು," ಅಂದ ಬೀರಲಿಂಗಪ್ಪ. ಅವಳು ಇನ್ನೊಂದು ಮಾತು ಕೇಳುವುದರೊಳಗೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಕಂಬಳಿಯ ಮಡಿಕೆಯಿಂದ ನಾಲ್ಕೈದು ಕಾಳು ಜೋಳ ಹೊಸಲಿನ ಮೇಲೆ ಉದುರಿದವು. ಅವನು ಅವನ್ನು ನೋಡದವನಂತೆ ದಾಟಿ ಹಟ್ಟಿಯ ಕಡೆ ನಡೆದ.